ಚಟ್ನಿಯಲ್ಲಿ ಕಾಯಿ ಇಲ್ಲ, ಆದ್ರೂ ಯಾರೂ ಕೇಳಲಿಲ್ಲ!

ಕರೋಲ್ ಬಾಗ್‌ನಲ್ಲಿ ದಕ್ಷಿಣದ ತಿಂಡಿಗೆ ಬರ ಇಲ್ಲ. ಅಜ್ಮಲ್ ಖಾನ್ ರಸ್ತೆಯಿಂದ ಪೂಸಾ ರಸ್ತೆಯ ಕಡೆಗೆ ಹಾಗೇ ನಡೆದು ಬಂದರೆ ಇಡ್ಲಿ, ದೋಸೆ ಎಂದು ಬರೆದ ಬೋರ್ಡುಗಳು ನಾಲ್ಕಾರು ಕಡೆ ಸಿಗುತ್ತವೆ. ಮದುವೆ ಬಟ್ಟೆಗೆ ಬಂದವರು, ಗಫಾರ್ ಮಾರ್ಕೆಟ್‌ನಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಕಾಯುವವರು, ಗಂಗಾರಾಮ್ ಆಸ್ಪತ್ರೆಯಲ್ಲಿ ಯಾರನ್ನೋ ನೋಡಿಕೊಳ್ಳುತ್ತಿರುವವರು, ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಹುಡುಗರು ಎಲ್ಲರೂ ಅಲ್ಲಿಗೆ ಬರುತ್ತಾರೆ. ನಮ್ಮಂಥ ಕನ್ನಡಿಗರೂ ಬರುತ್ತೇವೆ. ನಾನು ನೊಯ್ಡಾದಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ಬ್ಲೂ ಲೈನ್ ಮೆಟ್ರೊ ನೇರವಾಗಿ ಸಿಗುತ್ತದೆ ಎಂದು ಕರೋಲ್ ಬಾಗ್‌ನಲ್ಲಿ ಮನೆ ಮಾಡಿದೆ. ಇಡ್ಲಿ ಹತ್ತಿರ ಸಿಗುತ್ತದೆ ಎಂಬುದು ಎರಡನೇ ಕಾರಣ.

ಇಂಥ ಒಂದು ಹೋಟೆಲಿನಲ್ಲಿ 2025ರ ಮಧ್ಯಭಾಗದಲ್ಲಿ ಬಿಳಿ ಚಟ್ನಿ ಬದಲಾಯಿತು. ಬಣ್ಣ ಹೆಚ್ಚುಕಡಿಮೆ ಅದೇ, ಒಗ್ಗರಣೆಯೂ ಅದೇ. ಆದರೆ ತೆಂಗಿನಕಾಯಿ ಮಾಯವಾಗಿ, ಆ ಜಾಗಕ್ಕೆ ಹುರಿಗಡಲೆ ಮತ್ತು ಕಡಲೆಬೀಜ ಬಂದಿದ್ದವು. ಮೆನುವಿನಲ್ಲಿ ಮಾತ್ರ ‘ಕೊಕೊನಟ್ ಚಟ್ನಿ’ ಎಂದೇ ಇತ್ತು. ಮಾಲೀಕರು ಕುಂದಾಪುರದ ಕಡೆಯವರು, ನಾವೆಲ್ಲ ‘ಅಣ್ಣ’ ಎಂದೇ ಕರೆಯುವುದು. ಒಂದು ದಿನ ಕೇಳಿದೆ. ಅವರು ಮುಚ್ಚಿಡಲಿಲ್ಲ.

‘ಹೌದು ಮಾರಾಯ್ರೆ, ಬದಲು ಮಾಡಿ ಮೂರು ತಿಂಗಳಾಯ್ತು. ಕೇಳಿದ್ದು ಇಬ್ಬರೋ ಮೂವರೋ ಅಷ್ಟೇ, ನಿಮ್ಮನ್ನೂ ಸೇರಿಸಿ. ಉಳಿದವರಿಗೆಲ್ಲ ಒಪ್ಪಿಗೆ ಆಗಿದೆ ಅಂತಲೇ ಅಲ್ವಾ?’

ಅವರ ಮಾತಿನಲ್ಲಿ ಮೋಸ ಇರಲಿಲ್ಲ. ದೂರು ಕಡಿಮೆ ಬಂದರೆ ಜನ ಖುಷಿಯಾಗಿದ್ದಾರೆ ಎಂದು ಬ್ಯಾಂಕಿನವರು, ಶಾಲೆಯವರು, ನಮ್ಮ ಸಾಫ್ಟ್‌ವೇರ್ ಕಂಪನಿಗಳವರು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಈ ಲೆಕ್ಕ ಎಷ್ಟು ಸರಿ? ಆ ‘ಒಪ್ಪಿಗೆ ಆಗಿದೆ ಅಂತಲೇ ಅಲ್ವಾ’ ಎಂಬ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಬರಹ.

ತಿಪಟೂರಿನ ಖುಷಿ, ದೆಹಲಿಯ ಚಟ್ನಿ

ಮೊದಲು ಅಣ್ಣನ ಕಷ್ಟ ಹೇಳಬೇಕು. ನಮ್ಮದು ತಿಪಟೂರು ತಾಲ್ಲೂಕು. ಮನೆಯಲ್ಲಿ ಒಂದಿಷ್ಟು ತೆಂಗಿನ ತೋಟ ಇದೆ. ಬರ, ಬಿಸಿಲು, ಬಿಳಿನೊಣ, ಕಪ್ಪುತಲೆ ಹುಳು ಇವೆಲ್ಲ ಸೇರಿ ಇಳುವರಿ ಬಿದ್ದಿತ್ತು. ಕಾಯಿ ಕಡಿಮೆಯಾದಂತೆ ಬೆಲೆ ಏರಿತು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷದ ಮಧ್ಯದಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಅದರ ಎರಡು ಪಟ್ಟನ್ನೂ ದಾಟಿತು. ಎಷ್ಟೋ ವರ್ಷ ಬೆಂಬಲ ಬೆಲೆಗಾಗಿ ಧರಣಿ ಕೂತ ರೈತರಿಗೆ ಅದು ಒಳ್ಳೆಯ ಕಾಲ. ಫೋನಿನಲ್ಲಿ ಅಪ್ಪನ ದನಿಯೇ ಬೇರೆ ಇರುತ್ತಿತ್ತು.

ಅದೇ ಕಾಯಿ ಎರಡು ಸಾವಿರ ಕಿಲೋಮೀಟರ್ ಪ್ರಯಾಣ ಮಾಡಿ ದೆಹಲಿಗೆ ಬರುವಾಗ ಹೋಟೆಲಿನವರಿಗೆ ಏಟು. ಚಟ್ನಿಗೆ ಬೇರೆ ಬಿಲ್ ಇಲ್ಲ. ಕೇಳಿದಷ್ಟು ಸಲ ಹಾಕಬೇಕು. ಬಾಡಿಗೆ, ಗ್ಯಾಸು, ಆ್ಯಪ್‌ನವರ ಕಮಿಷನ್ ಯಾವುದೂ ಇಳಿಯುವುದಿಲ್ಲ.

‘ಇಡ್ಲಿಗೆ ಹತ್ತು ರೂಪಾಯಿ ಏರಿಸಿ ನೋಡಿ, ಗಲ್ಲಾಪೆಟ್ಟಿಗೆ ಮುಂದೆ ದಿನಾ ಜಗಳ. ಕಾಯಿ ತೆಗೆದೆ, ಯಾರೂ ಮಾತಾಡ್ಲಿಲ್ಲ. ನೀವೇ ಹೇಳಿ, ಜನಕ್ಕೆ ಬೇಕಾದ್ದು ಏನು?’ ಎಂದರು ಅಣ್ಣ.

ಇಲ್ಲೇ ನನಗೆ ಲೆಕ್ಕದ ಮೊದಲ ಎಳೆ ಸಿಕ್ಕಿತು. ಬೆಲೆ ಮೆನುವಿನಲ್ಲಿ ಅಂಕಿಯಾಗಿ ಕಾಣುತ್ತದೆ. ನಿನ್ನೆ 60 ಇದ್ದದ್ದು ಇವತ್ತು 70 ಆದರೆ ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಆದ್ದರಿಂದ ದೂರುವುದು ಸುಲಭ. ಚಟ್ನಿಯೊಳಗೆ ಏನಿದೆ ಎಂಬುದು ಎಲ್ಲೂ ಬರೆದಿರುವುದಿಲ್ಲ. ಅನುಮಾನ ಬಂದರೂ ಸಾಬೀತು ಮಾಡಲು ಕೈಯಲ್ಲಿ ಏನೂ ಇಲ್ಲ. ಹಾಗಾಗಿ ಒಂದಕ್ಕೆ ನೂರು ದೂರು, ಇನ್ನೊಂದಕ್ಕೆ ಎರಡು. ಜನಕ್ಕೆ ಯಾವುದು ಹೆಚ್ಚು ಮುಖ್ಯ ಎಂಬುದನ್ನು ಈ ಸಂಖ್ಯೆ ಹೇಳುವುದೇ ಇಲ್ಲ. ಯಾವುದು ಕಣ್ಣಿಗೆ ಬೀಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ.

300 ಜನರಲ್ಲಿ ಇಬ್ಬರು

ಒಂದು ಲೆಕ್ಕ ಹಾಕೋಣ. ಅಂಕಿಗಳು ನನ್ನ ಊಹೆ, ಲೆಕ್ಕದ ರೀತಿ ನೋಡಿ ಸಾಕು. ದಿನಕ್ಕೆ 300 ಗಿರಾಕಿಗಳು ಬರುವ ಹೋಟೆಲ್ ಎಂದಿಟ್ಟುಕೊಳ್ಳಿ. ಕರೋಲ್ ಬಾಗ್‌ನಲ್ಲಿ ಅವರಲ್ಲಿ 270 ಜನ ತೆಂಗಿನಕಾಯಿ ಚಟ್ನಿ ತಿಂದು ಬೆಳೆದವರಲ್ಲ. ಅವರಿಗೆ ಬಿಳಿಯದೆಲ್ಲ ‘ನಾರಿಯಲ್ ಕಿ ಚಟ್ನಿ’. ಬದಲಾದದ್ದು ಗೊತ್ತಾಗದವರು ದೂರುವುದು ಹೇಗೆ? ಉಳಿದ 30 ಜನ ನಮ್ಮ ಕಡೆಯವರು. ಅವರಲ್ಲಿ 20 ಮಂದಿಗೆ ವ್ಯತ್ಯಾಸ ಗೊತ್ತಾಯಿತು ಎನ್ನಿ. ಹತ್ತರಲ್ಲಿ ಒಬ್ಬ ಬಾಯಿಬಿಟ್ಟು ಹೇಳುತ್ತಾನೆ ಎಂದರೆ ಬರುವ ದೂರು ಎರಡು.

ಮಾಲೀಕರು 300ರಲ್ಲಿ 2 ಎಂದು ನೋಡುತ್ತಾರೆ. ಶೇಕಡ 1 ಕೂಡ ಇಲ್ಲ! ಆದರೆ ಆ ಚಟ್ನಿಯ ರುಚಿ ಬಲ್ಲ 30 ಜನರಲ್ಲಿ 20 ಜನರಿಗೆ ಅದು ಸರಿಬಂದಿಲ್ಲ. ಮೂರರಲ್ಲಿ ಎರಡು ಪಾಲು. ಒಂದೇ ಹೋಟೆಲ್, ಒಂದೇ ದಿನ, ಒಂದೇ ಚಟ್ನಿ. ಯಾವ ಸಂಖ್ಯೆಯಿಂದ ಭಾಗಿಸುತ್ತೀರಿ ಎಂಬುದರ ಮೇಲೆ ಉತ್ತರ ತಿರುಗಿಬಿಡುತ್ತದೆ.

ಬೇಜಾರಾದವರು ಬರುವುದನ್ನು ನಿಲ್ಲಿಸಿದರೆ ವ್ಯಾಪಾರದಲ್ಲಿ ಗೊತ್ತಾಗಬೇಕಲ್ಲ ಎಂದು ನೀವು ಕೇಳಬಹುದು. ಬಸವನಗುಡಿಯಲ್ಲೋ ಮೈಸೂರಿನ ಒಂಟಿಕೊಪ್ಪಲಿನಲ್ಲೋ ಆಗಿದ್ದರೆ ಖಂಡಿತ ಗೊತ್ತಾಗುತ್ತಿತ್ತು. ಅಲ್ಲಿ ದಿನವೂ ಬರುವ ಮುಖಗಳು ಕಾಣೆಯಾದರೆ ಗಲ್ಲಾದಲ್ಲಿ ಕೂತವರು ‘ಏನ್ ಸಾರ್, ಈ ಕಡೆ ಬರ್ಲೇ ಇಲ್ಲ’ ಎಂದು ದಾರಿಯಲ್ಲಿ ಸಿಕ್ಕಾಗ ಕೇಳುತ್ತಾರೆ. ಕರೋಲ್ ಬಾಗ್ ಹಾಗಲ್ಲ. ಇಲ್ಲಿ ಸುತ್ತ ನೂರಾರು ಲಾಡ್ಜುಗಳಿವೆ. ಇಂದು ಬಂದವರು ನಾಳೆ ಅಮೃತಸರದ ರೈಲಿನಲ್ಲಿರುತ್ತಾರೆ. ಒಬ್ಬ ಹಳೇ ಗಿರಾಕಿ ಬಿಟ್ಟುಹೋದ ಕುರ್ಚಿಯಲ್ಲಿ ಮರುದಿನವೇ ಹೊಸಬ ಕೂತಿರುತ್ತಾನೆ. ದಿನದ ಕಲೆಕ್ಷನ್ ಅಷ್ಟೇ ಇರುತ್ತದೆ, ಹೋದವರು ಹೋದದ್ದೇ ಕಾಣುವುದಿಲ್ಲ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ‘ಎಕ್ಸಿಟ್, ವಾಯ್ಸ್, ಅಂಡ್ ಲಾಯಲ್ಟಿ’ ಎಂಬ ಪುಸ್ತಕ ಬರೆದರು. ಗುಣಮಟ್ಟ ಕುಸಿದಾಗ ಗಿರಾಕಿಗೆ ಎರಡು ದಾರಿ, ಬಿಟ್ಟುಹೋಗುವುದು ಅಥವಾ ಬಾಯಿಬಿಡುವುದು. ಅಭಿಮಾನ ಇದ್ದವರು ತಕ್ಷಣ ಬಿಟ್ಟುಹೋಗುವುದಿಲ್ಲ. ಅವರಿಗೆ ಈ ವಿಚಾರ ಹೊಳೆದದ್ದು ನೈಜೀರಿಯಾದ ರೈಲ್ವೆ ನೋಡಿ. ರೈಲು ಕೆಟ್ಟಾಗ ಗಟ್ಟಿಯಾಗಿ ಕೂಗಾಡಬಹುದಾದ ವ್ಯಾಪಾರಿಗಳು ಸದ್ದಿಲ್ಲದೆ ಲಾರಿಗೆ ಹೋಗಿಬಿಟ್ಟರು. ಉಳಿದವರಿಗೆ ಕೂಗುವ ಶಕ್ತಿ ಇರಲಿಲ್ಲ. ರೈಲು ಸುಧಾರಿಸಲೇ ಇಲ್ಲ. ದೂರು ಹೇಳಬಲ್ಲವರೇ ಮೊದಲು ಎದ್ದು ಹೋದರೆ, ದೂರು ಕಡಿಮೆಯಾಗುವುದು ಕೆಟ್ಟ ಸುದ್ದಿ ಎಂದಾಯಿತು.

ನಾವು ಯಾಕೆ ಹೇಳುವುದಿಲ್ಲ?

ನಮ್ಮ ಸ್ವಭಾವವನ್ನೂ ಸ್ವಲ್ಪ ನೋಡಿಕೊಳ್ಳೋಣ. ಊಟಕ್ಕೆ ಹೆಸರಿಡಬಾರದು ಎಂದು ಅಜ್ಜಿಯಿಂದ ಕೇಳಿ ಬೆಳೆದವರು ನಾವು. ಉಪ್ಪು ಕಡಿಮೆಯಾದರೆ ಪಕ್ಕದವರಿಗೆ ಕಣ್ಣಲ್ಲಿ ಹೇಳಿ, ಬಡಿಸುವವರಿಗೆ ‘ಚೆನ್ನಾಗಿದೆ’ ಎನ್ನುತ್ತೇವೆ. ಮದುವೆ ಮನೆಯಿಂದ ಹೊರಟು ಬಸ್ಸು ಹತ್ತಿದ ಮೇಲೆಯೇ ಸಾರಿನ ವಿಮರ್ಶೆ ಶುರು. ದೆಹಲಿಗೆ ಬಂದ ಮೇಲೆ ಇದಕ್ಕೆ ಭಾಷೆಯೂ ಸೇರಿಕೊಂಡಿತು. ಚಟ್ನಿಯಲ್ಲಿ ಕಾಯಿಯ ಹಾಲಿನ ಸಿಹಿ ಇಲ್ಲ, ಬೀಜದ ಜಿಡ್ಡು ಬಾಯಿಗೆ ಅಂಟುತ್ತಿದೆ ಎಂಬುದನ್ನು ಕನ್ನಡದಲ್ಲಿ ಅರ್ಧ ಗಂಟೆ ಹೇಳಬಲ್ಲೆ. ಹಿಂದಿಯಲ್ಲಿ ಸಪ್ಲೈಯರ್ ಹುಡುಗ ‘ಸಬ್ ಠೀಕ್ ಹೈ ಸರ್?’ ಎಂದರೆ ಬಾಯಿಗೆ ಬರುವುದು ‘ಠೀಕ್ ಹೈ ಭಯ್ಯಾ’ ಅಷ್ಟೇ. ನಮ್ಮವರೇ ನಡೆಸುವ ಹೋಟೆಲಾದರೆ ಇನ್ನೂ ಸಂಕೋಚ. ದೂರದ ಊರಲ್ಲಿ ಕಷ್ಟಪಟ್ಟು ನಡೆಸುತ್ತಿದ್ದಾರೆ, ಅವರ ಮನಸ್ಸು ಯಾಕೆ ನೋಯಿಸುವುದು ಎನಿಸುತ್ತದೆ.

ಹೇಳಲೂ ಆಗದ, ಬಿಡಲೂ ಆಗದ ಇನ್ನೊಂದು ವರ್ಗ ಇದೆ. ಯುಪಿಎಸ್‌ಸಿ ತಯಾರಿಗೆ ಬಂದು ಪಿಜಿಗಳಲ್ಲಿರುವ ನಮ್ಮ ಹುಡುಗ ಹುಡುಗಿಯರು. ಮೆಸ್‌ಗೆ ತಿಂಗಳ ಹಣ ಮುಂಗಡ. ವಿಜಯಪುರದ ಕಡೆಯ ಒಬ್ಬ ಹುಡುಗನನ್ನು ‘ಪನೀರ್ ಈಚೆಗೆ ರಬ್ಬರ್ ಥರ ಇದೆ ಅಂತೀಯಲ್ಲ, ಮೆಸ್‌ನವರಿಗೆ ಹೇಳಿದ್ಯಾ?’ ಎಂದು ಕೇಳಿದೆ. ಅವನು ನಕ್ಕ.

‘ಏನ್ ಹೇಳೂದ್ರಿ ಸರ? ತಿಂಗಳ ರೊಕ್ಕ ಮೊದ್ಲ ಕೊಟ್ಟೀವಿ. ಹೇಳಿದ್ರ ಹೂಂ ಅಂತಾರ, ಮರುದಿನ ಮತ್ತ ಅದ. ಪ್ರಿಲಿಮ್ಸ್ ಮುಂದೈತಿ, ಜಗಳಾಡಕ್ಕ ಟೈಮ್ ಎಲ್ಲೈತ್ರಿ?’

ಅವನ ತಟ್ಟೆಯ ಪನೀರ್ ನಿಜವಾದದ್ದೋ ಅಲ್ಲವೋ ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಹಾಕಿ ಮಾಡಿದ್ದನ್ನು ‘ಪನೀರ್’ ಎಂದು ಮಾರುವಂತಿಲ್ಲ ಎಂಬುದು ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮ. ಅದನ್ನು ‘ಅನಲಾಗ್’ ಎಂದು ಕರೆಯಬೇಕು. ಪ್ಯಾಕೆಟ್ ಮೇಲೆ ಅದನ್ನು ಓದಬಹುದು. ಗ್ರೇವಿಯೊಳಗೆ ಮುಳುಗಿದ ತುಂಡಿನ ಮೇಲೆ ಏನು ಓದುವುದು? ಆ ಮೆಸ್‌ನ ಮಾಲೀಕರಿಗೆ ಬಂದ ದೂರು ಸೊನ್ನೆ. ಅವರ ಪುಸ್ತಕದಲ್ಲಿ ಈ ಹುಡುಗ ತೃಪ್ತ ಗಿರಾಕಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೊಂದು ಪದ್ಧತಿ ಇದೆ. ಸರ್ವರ್‌ನಿಂದ ಎರರ್ ಸಂದೇಶ ಬರುವುದು ಏಕಾಏಕಿ ನಿಂತರೆ ನಾವು ಸಿಹಿ ಹಂಚುವುದಿಲ್ಲ. ಸಂದೇಶ ಕಳಿಸುವ ವ್ಯವಸ್ಥೆಯೇ ಸತ್ತಿದೆಯಾ ಎಂದು ಮೊದಲು ನೋಡುತ್ತೇವೆ. ಅದಕ್ಕೆಂದೇ ಆ ವ್ಯವಸ್ಥೆ ಆಗಾಗ್ಗೆ ‘ನಾನು ಬದುಕಿದ್ದೇನೆ’ ಎಂದು ಒಂದು ಸಂಕೇತ ಕಳಿಸುತ್ತಿರಬೇಕು. ಹಾರ್ಟ್‌ಬೀಟ್ ಎನ್ನುತ್ತೇವೆ. ಆ ಬಡಿತ ಕೇಳುತ್ತಿದ್ದು, ಎರರ್ ಬರದಿದ್ದರೆ ಮಾತ್ರ ನೆಮ್ಮದಿ. ಹೋಟೆಲಿನ ದೂರಿಗೂ ಇದೇ ಪರೀಕ್ಷೆ ಬೇಕು. ದೂರು ಹೇಳಬೇಕು ಎನಿಸಿದವನಿಗೆ ಹೇಳಲು ದಾರಿ ಇದೆಯಾ? ಹೇಳಿದರೆ ಉಪಯೋಗ ಇದೆಯಾ? ಎಲ್ಲಕ್ಕಿಂತ ಮೊದಲು, ಬದಲಾಗಿದೆ ಎಂಬುದು ಅವನಿಗೆ ಗೊತ್ತಾ?

ನಾಲಿಗೆಗೆ ಗೊತ್ತಾಗದ ಬದಲಾವಣೆ

ಈ ಕೊನೆಯ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಅಮೆರಿಕದ ಮೆಕ್‌ಡೊನಾಲ್ಡ್ಸ್ ಪ್ರಕರಣ ನೋಡಿ. ಅಲ್ಲಿ ಬಹುಕಾಲ ಫ್ರೆಂಚ್ ಫ್ರೈಸ್ ಅನ್ನು ದನದ ಕೊಬ್ಬು ಬೆರೆತ ಎಣ್ಣೆಯಲ್ಲಿ ಕರಿಯುತ್ತಿದ್ದರು. 1990ರಲ್ಲಿ ಶುದ್ಧ ಸಸ್ಯಜನ್ಯ ಎಣ್ಣೆಗೆ ಬದಲಾಯಿಸಿದ್ದೇವೆ ಎಂದು ಕಂಪನಿ ಹೇಳಿತು. ಅಲ್ಲಿನ ಭಾರತೀಯ ಕುಟುಂಬಗಳು, ಸಸ್ಯಾಹಾರಿಗಳು ನೆಮ್ಮದಿಯಿಂದ ತಿನ್ನತೊಡಗಿದರು. ಆದರೆ ಹಳೆಯ ರುಚಿ ಉಳಿಸಲು ಫ್ರೈಸ್‌ಗೆ ದನದ ಮಾಂಸದಿಂದ ತೆಗೆದ ಸ್ವಾದವನ್ನು ಅತಿ ಸಣ್ಣ ಪ್ರಮಾಣದಲ್ಲಿ ಸೇರಿಸಲಾಗುತ್ತಿತ್ತು. ಪಟ್ಟಿಯಲ್ಲಿ ಇದ್ದದ್ದು ‘ನೈಸರ್ಗಿಕ ಸ್ವಾದ’ ಎಂಬ ಪದ ಮಾತ್ರ.

ವಿಷಯ ಹೊರಬಂದು, 2001ರಲ್ಲಿ ಸಿಯಾಟಲ್‌ನ ವಕೀಲ ಹರೀಶ್ ಭಾರ್ತಿ ಮೊಕದ್ದಮೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಹಿಂದೂ, ಸಸ್ಯಾಹಾರಿ ಮತ್ತಿತರ ಸಂಘಟನೆಗಳಿಗೆ ಒಟ್ಟು 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದಲ್ಲಿ ಮಾರುವ ಫ್ರೈಸ್‌ನಲ್ಲಿ ಅದು ಇಲ್ಲ ಎಂದು ಕಂಪನಿ ಆಗಲೇ ಹೇಳಿತ್ತು. ಆದರೂ ಮುಂಬೈ ಕಡೆ ಪ್ರತಿಭಟನೆಗಳಾದವು.

ಆ ಹತ್ತು ವರ್ಷ ಸಸ್ಯಾಹಾರಿಗಳು ಸುಮ್ಮನಿದ್ದದ್ದನ್ನು ಏನೆಂದು ಕರೆಯೋಣ? ತೃಪ್ತಿ ಎನ್ನಲಾದೀತೇ? ರುಚಿ ನೋಡಿದರೆ ಅವರು ಖುಷಿಯಾಗಿಯೇ ಇದ್ದರು. ಗೊತ್ತಿದ್ದರೆ ಒಂದು ತುಂಡನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಏಕಾದಶಿ ಮಾಡುವವರು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಹಲಾಲ್ ನೋಡುವವರು, ಜೈನರು, ಸಕ್ಕರೆ ಕಾಯಿಲೆಯವರು ಇವರೆಲ್ಲರಿಗೂ ತಟ್ಟೆಯಲ್ಲಿ ಏನಿದೆ ಎಂಬುದು ರುಚಿಗಿಂತ ಆಚೆಯ ಪ್ರಶ್ನೆ. ಅದರ ಉತ್ತರ ನಾಲಿಗೆಯಿಂದ ಸಿಗುವುದಿಲ್ಲ. ಅಡುಗೆಮನೆಯವರು ಬಾಯಿಬಿಟ್ಟು ಹೇಳಿದರೆ ಮಾತ್ರ ಸಿಗುತ್ತದೆ.

ಕೆಲವರಿಗೆ ಇದು ಪ್ರಾಣದ ಪ್ರಶ್ನೆ. 2016ರ ಜುಲೈಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 15 ವರ್ಷದ ನತಾಶಾ ಎಡ್ನಾನ್-ಲಪರೂಸ್ ಎಂಬ ಹುಡುಗಿ ‘ಪ್ರೆಟ್ ಅ ಮಾಂಜೆ’ ಅಂಗಡಿಯ ಒಂದು ಬ್ರೆಡ್ ತಿಂದು ವಿಮಾನ ಹತ್ತಿದಳು. ಅವಳಿಗೆ ಎಳ್ಳು ಆಗುತ್ತಿರಲಿಲ್ಲ. ಹಿಟ್ಟಿನಲ್ಲೇ ಬೆರೆತಿದ್ದ ಎಳ್ಳು ಕಣ್ಣಿಗೆ ಕಾಣುತ್ತಿರಲಿಲ್ಲ, ಪೊಟ್ಟಣದ ಮೇಲೂ ಬರೆದಿರಲಿಲ್ಲ. ಅಂಗಡಿಯಲ್ಲೇ ತಯಾರಿಸಿದ ತಿನಿಸಿಗೆ ಆಗ ಅಲ್ಲಿ ಪೂರ್ತಿ ಪಟ್ಟಿ ಕಡ್ಡಾಯ ಇರಲಿಲ್ಲ. ಅವಳು ಅದೇ ದಿನ ತೀರಿಕೊಂಡಳು. 2018ರ ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಂತು. ಹಿಂದಿನ ಒಂದು ವರ್ಷದಲ್ಲಿ ಎಳ್ಳಿನ ಅಲರ್ಜಿಗೆ ಸಂಬಂಧಿಸಿದ 9 ಘಟನೆಗಳು ಕಂಪನಿಯ ಗಮನಕ್ಕೆ ಬಂದಿದ್ದವು.

ಕೋಟ್ಯಂತರ ತಿನಿಸು ಮಾರುವ ಕಂಪನಿಗೆ 9 ಎಷ್ಟನೇ ಲೆಕ್ಕ? ನಮ್ಮ 300ರಲ್ಲಿ 2ಕ್ಕಿಂತ ಎಷ್ಟೋ ಪಾಲು ಚಿಕ್ಕದು. ಆದರೆ ಎಳ್ಳು ಆಗದವರ ಪಾಲಿಗೆ ಆ ಒಂಬತ್ತೂ ಎಚ್ಚರಿಕೆಯ ಗಂಟೆ. ಆ ಹುಡುಗಿಯ ತಂದೆ ತಾಯಿ ಹೋರಾಡಿ ಕಾನೂನು ತಂದರು. ‘ನತಾಶಾ ಕಾನೂನು’ ಎಂದೇ ಕರೆಯುವ ಅದು 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂಗಡಿಯಲ್ಲೇ ಕಟ್ಟಿಟ್ಟು ಮಾರುವ ತಿನಿಸಿನ ಮೇಲೂ ಈಗ ಪೂರ್ತಿ ಪಟ್ಟಿ, ಅಲರ್ಜಿ ವಿವರ ಇರಲೇಬೇಕು.

ನಮ್ಮಲ್ಲಿಯೂ 2020ರ ಲೇಬಲಿಂಗ್ ನಿಯಮಗಳಲ್ಲಿ ಕಡಲೆಕಾಯಿ, ಹಾಲು, ಸೋಯಾ, ಗೋಧಿಯ ಗ್ಲುಟನ್ ಮುಂತಾದವನ್ನು ಅಲರ್ಜಿ ಪಟ್ಟಿಯಲ್ಲಿ ಸೇರಿಸಲಾಗಿದೆ. ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು, ಕೇಂದ್ರ ಪರವಾನಗಿ ಪಡೆದವು ಮೆನುವಿನಲ್ಲಿ ವಿವರ ಕೊಡಬೇಕು. ಒಂದೇ ಶಟರ್‌ನ ಇಡ್ಲಿ ಹೋಟೆಲು ಆ ಪಟ್ಟಿಯೊಳಗೆ ಬರುವುದಿಲ್ಲ.

ಬರದೇ ಹೋದ ದೂರು

ಕರೋಲ್ ಬಾಗ್‌ಗೆ ವಾಪಸ್ ಬರೋಣ. ನಮ್ಮ ಗೆಳೆಯರೊಬ್ಬರ ಏಳು ವರ್ಷದ ಮಗಳಿಗೆ ಕಡಲೆಬೀಜ ಆಗುವುದಿಲ್ಲ. ಹಾಗಾಗಿ ಅವರು ಹೊರಗೆ ತಿನ್ನುವುದೇ ಅಪರೂಪ. ಅಣ್ಣನ ಹೋಟೆಲ್ ಮಾತ್ರ ಇದಕ್ಕೆ ಹೊರತು. ಅಲ್ಲಿ ಚಟ್ನಿ ಕಾಯಿಯದು ಎಂದು ಹಿಂದೆಯೇ ಕೇಳಿ ಖಚಿತ ಮಾಡಿಕೊಂಡಿದ್ದರು. ಎರಡು ವರ್ಷ ಭಾನುವಾರದ ತಿಂಡಿ ಅಲ್ಲೇ. ಚಟ್ನಿ ಬದಲಾದ ಮೇಲೆ ಒಂದು ಭಾನುವಾರ ಮಗುವಿನ ತುಟಿ ಊದಿತು, ಮೈಮೇಲೆ ದದ್ದು ಎದ್ದಿತು. ಮಗು ಚಟ್ನಿ ಮುಟ್ಟಿದ್ದು ಬೆರಳ ತುದಿಯಷ್ಟೇ. ಆಟೊ ಹಿಡಿದು ಆಸ್ಪತ್ರೆಗೆ ಓಡಿದರು. ಇಂಜೆಕ್ಷನ್ ಆಯಿತು, ಸಂಜೆಯ ಹೊತ್ತಿಗೆ ಮಗು ಸುಧಾರಿಸಿಕೊಂಡಿತು.

ಅವರು ದೂರು ಕೊಟ್ಟರಾ? ಇಲ್ಲ. ಮಗು ಉಳಿದದ್ದೇ ಪುಣ್ಯ ಎಂದುಕೊಂಡು ಆ ಬೀದಿಗೇ ಹೋಗುವುದನ್ನು ಬಿಟ್ಟರು. ‘ಹೋಗಿ ಏನ್ ಜಗಳ ಮಾಡೋದು? ಬೇಕಂತ ಮಾಡಿದ್ರಾ ಅವ್ರು?’ ಎಂದರು ಆ ತಾಯಿ.

ಆ ಹೋಟೆಲಿನ ಚಟ್ನಿ ಬದಲಾವಣೆಯಿಂದ ಎಲ್ಲರಿಗಿಂತ ಹೆಚ್ಚು ನೊಂದ ಕುಟುಂಬ ಇದು. ದೂರಿನ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಕೇಳಿದ ಮೂವರಲ್ಲಿ ನಾನಿದ್ದೆ, ನನಗೆ ಹೋದದ್ದು ರುಚಿ ಮಾತ್ರ. ಸದ್ದು ಮಾಡಿದವರ ನಷ್ಟ ಚಿಕ್ಕದು, ಸುಮ್ಮನೆ ಹೋದವರದು ದೊಡ್ಡದು. ಇದು ಗೊತ್ತಾದ ಮೇಲೆ ‘ಕೆಲವೇ ದೂರು’ ಎಂಬ ಮಾತನ್ನು ನಾನು ಮೊದಲಿನಂತೆ ಕೇಳಲಾರೆ.

ಗೆಳೆಯರ ಒಪ್ಪಿಗೆ ಪಡೆದು ವಿಷಯವನ್ನು ಅಣ್ಣನಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ‘ಒಂದು ಮಾತು ಹೇಳಬಾರದಿತ್ತಾ ಅವರು?’ ಎಂದರು. ಸ್ವಲ್ಪ ತಡೆದು, ‘ಮೊದಲು ನಾನು ಹೇಳಬೇಕಿತ್ತು ಬಿಡಿ’ ಎಂದು ಅವರೇ ಸೇರಿಸಿದರು. ಈಗ ಅಲ್ಲಿ ಮೆನುವಿನ ಹಾಳೆ ಬದಲಾಗಿದೆ. ‘ಮೂಂಗ್‌ಫಲಿ ಚಟ್ನಿ’ ಎಂದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಕಾಯಿ ಚಟ್ನಿ ಬೇಕಾದವರಿಗೆ ಒಂದು ಬಟ್ಟಲಿಗೆ ಬೇರೆ ದರ. ಅದನ್ನು ಕೇಳಿ ಹಾಕಿಸಿಕೊಳ್ಳುವವರು ದಿನಕ್ಕೆ ಇಷ್ಟು ಜನ ಇದ್ದಾರೆ ಎಂದು ತಾವೇ ಅಂದುಕೊಂಡಿರಲಿಲ್ಲ ಎನ್ನುತ್ತಾರೆ ಅಣ್ಣ.

ಹೇಳಿ ಮಾಡಿದ ಬದಲಾವಣೆಗಳು

ಸುಮ್ಮನಿದ್ದವರೆಲ್ಲ ಅತೃಪ್ತರು ಎಂದು ನಾನು ಹೇಳುತ್ತಿಲ್ಲ. ಅದೂ ಅಷ್ಟೇ ತಪ್ಪು ಲೆಕ್ಕ. ನಮ್ಮ ಪಕ್ಕದ ಮನೆಯ ಪಂಜಾಬಿ ಆಂಟಿಗೆ ಹೊಸ ಚಟ್ನಿಯೇ ಇಷ್ಟ. ಉತ್ತರ ಕರ್ನಾಟಕದವರಿಗೆ ಶೇಂಗಾ ಚಟ್ನಿ ಹೊಸದೇನಲ್ಲ. ಗದ್ದಲ ಎದ್ದ ಮಾತ್ರಕ್ಕೆ ಹೊಸದು ರುಚಿಯಾಗಿಲ್ಲ ಎಂದೂ ಅಲ್ಲ. 1985ರ ಏಪ್ರಿಲ್ 23ರಂದು ಕೋಕಾ ಕೋಲಾ ಕಂಪನಿ ತನ್ನ ಪಾನೀಯದ ಸೂತ್ರ ಬದಲಿಸಿದೆ ಎಂದು ಸಾರಿತು. ಅದಕ್ಕೂ ಮೊದಲು ಸುಮಾರು 2 ಲಕ್ಷ ಜನರಿಗೆ ಗುಟುಕು ಕುಡಿಸಿ ಪರೀಕ್ಷೆ ಮಾಡಿತ್ತು, ಹೆಚ್ಚಿನವರು ಹೊಸದನ್ನೇ ಮೆಚ್ಚಿದ್ದರು. ಆದರೂ ದೂರುಗಳ ಮಳೆ ಸುರಿದು, ಜುಲೈ 11ರಂದು ಹಳೆಯದನ್ನು ವಾಪಸ್ ತರಬೇಕಾಯಿತು. ‘ಇದು ರುಚಿಯಾಗಿದೆಯಾ’ ಎಂದು ಕೇಳಿದ್ದರೇ ಹೊರತು ‘ಹಳೆಯದನ್ನು ತೆಗೆದುಬಿಡಲಾ’ ಎಂದು ಕೇಳಿರಲಿಲ್ಲ. ಬದಲಾವಣೆ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಜನರ ಮನಸ್ಸು ಎರಡೂವರೆ ತಿಂಗಳಲ್ಲೇ ಹೊರಬಂತು.

2023ರ ಜುಲೈ ನಿಮಗೆ ನೆನಪಿರಬಹುದು. ಟೊಮೆಟೊ ಬೆಲೆ ಮುಗಿಲು ಮುಟ್ಟಿದ ತಿಂಗಳು. ಗುಣಮಟ್ಟದ ಟೊಮೆಟೊ ಸಾಕಷ್ಟು ಸಿಗುತ್ತಿಲ್ಲ, ಸದ್ಯಕ್ಕೆ ಟೊಮೆಟೊ ಇಲ್ಲದೆ ಕೊಡುತ್ತಿದ್ದೇವೆ ಎಂದು ದೆಹಲಿಯ ಮೆಕ್‌ಡೊನಾಲ್ಡ್ಸ್ ಅಂಗಡಿಗಳಲ್ಲಿ ಚೀಟಿ ಅಂಟಿಸಿದ್ದರು. ಆಗಸ್ಟ್‌ನಲ್ಲಿ ಬರ್ಗರ್ ಕಿಂಗ್ ಕೂಡ ಟೊಮೆಟೊಗಳಿಗೆ ರಜೆ ಎಂದು ತಮಾಷೆಯಾಗಿ ಬರೆದು ಹಾಕಿತು. ಜನ ಫೋಟೊ ತೆಗೆದು ಹಂಚಿಕೊಂಡರು, ನಕ್ಕರು, ಬೈದರು. ತಿನ್ನುವವರು ಗೊತ್ತಿದ್ದೇ ತಿಂದರು, ಬೇಡದವರು ಬಿಟ್ಟರು. ಅಲ್ಲಿ ಸುಮ್ಮನಿದ್ದವರನ್ನು ‘ಒಪ್ಪಿದವರು’ ಎಂದು ಎಣಿಸುವುದರಲ್ಲಿ ಒಂದಿಷ್ಟು ನ್ಯಾಯ ಇದೆ.

ನಮ್ಮ ಬೆಂಗಳೂರಿನಲ್ಲೇ ಇದಕ್ಕಿಂತ ಹಳೆಯ ಉದಾಹರಣೆ ಇದೆ. 1924ರಲ್ಲಿ ಶುರುವಾದ ಎಂಟಿಆರ್‌ನವರು ಹೇಳಿಕೊಳ್ಳುವಂತೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಅವರು ರವೆಯಿಂದ ಇಡ್ಲಿ ಮಾಡಿ ನೋಡಿದರು. ಅದನ್ನು ಅಕ್ಕಿ ಇಡ್ಲಿ ಎಂದು ಬಡಿಸಲಿಲ್ಲ. ‘ರವೆ ಇಡ್ಲಿ’ ಎಂದು ಬೇರೆ ಹೆಸರಿಟ್ಟರು. ಯುದ್ಧ ಮುಗಿದು, ಅಕ್ಕಿ ಬಂದರೂ ಜನ ಅದನ್ನು ಬಿಡಲಿಲ್ಲ. ಎದುರಿಗೆ ಎರಡೂ ಇದ್ದು, ಹೆಸರು ಗೊತ್ತಿದ್ದು, ಮತ್ತೆ ಕೇಳಿ ತಿಂದರು. ತೃಪ್ತಿ ಎಂದರೆ ಅದು.

ಮುಂದೆ ತುರ್ತು ಪರಿಸ್ಥಿತಿಯಲ್ಲಿ ಹೋಟೆಲುಗಳ ದರಕ್ಕೆ ಸರ್ಕಾರ ಮಿತಿ ಹಾಕಿತು. ಆ ದರಕ್ಕೆ ಎಂಟಿಆರ್ ಊಟ ಗಿಟ್ಟುತ್ತಿರಲಿಲ್ಲ. ಸಾಮಾನಿನ ಗುಣಮಟ್ಟ ಇಳಿಸುವ ಬದಲು, ದಿನದ ನಷ್ಟ ಎಷ್ಟಾಯಿತು ಎಂದು ಹೊರಗೆ ಬೋರ್ಡಿನ ಮೇಲೆ ಬರೆದು ಹಾಕುತ್ತಿದ್ದರಂತೆ. ಕಡೆಗೆ ಹೋಟೆಲನ್ನು ಕೆಲಕಾಲ ಮುಚ್ಚಬೇಕಾಯಿತು. ಇಡ್ಲಿ ಮಿಕ್ಸಿನಂಥ ಪೊಟ್ಟಣಗಳ ವ್ಯಾಪಾರ ಬೆಳೆದದ್ದು ಆ ಕಷ್ಟದಿಂದಲೇ. ಎಲ್ಲರೂ ಅಷ್ಟು ನಷ್ಟ ತಾಳಲಾರರು, ಕರೋಲ್ ಬಾಗ್‌ನ ಬಾಡಿಗೆಯಲ್ಲಂತೂ ಆಗದ ಮಾತು. ಆದರೆ ಒಂದು ಬೋರ್ಡು, ಒಂದು ಸೀಮೆಸುಣ್ಣ ಎಲ್ಲರಿಗೂ ಎಟುಕುತ್ತದೆ.

ಏನು ಎಣಿಸಬೇಕು?

ಹೋಟೆಲ್ ನಡೆಸುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ, ದೂರಿನ ಜೊತೆಗೆ ಇನ್ನೂ ನಾಲ್ಕು ವಿಷಯ ಎಣಿಸಿ ನೋಡಿ. ತಟ್ಟೆಯಲ್ಲಿ ಚಟ್ನಿ ಎಷ್ಟು ಉಳಿದು ವಾಪಸ್ ಬರುತ್ತಿದೆ? ಮೊದಲಿನಂತೆ ‘ಇನ್ನೊಂಚೂರು ಹಾಕಿ’ ಎನ್ನುತ್ತಿದ್ದಾರಾ? ವಾರಕ್ಕೆ ಎರಡು ಸಲ ಬರುತ್ತಿದ್ದ ಮುಖಗಳಲ್ಲಿ ಎಷ್ಟು ಉಳಿದಿವೆ? ಹೊಸದು, ಹಳೆಯದು ಎರಡನ್ನೂ ಹೆಸರು ಹೇಳಿ ಇಟ್ಟರೆ ಕೈ ಯಾವುದರ ಕಡೆ ಹೋಗುತ್ತದೆ? ಪಾತ್ರೆ ತೊಳೆಯುವವರಿಗೆ ಮೊದಲ ಪ್ರಶ್ನೆಯ ಉತ್ತರ ಗೊತ್ತಿರುತ್ತದೆ, ಅವರನ್ನು ಕೇಳುವವರಿಲ್ಲ ಅಷ್ಟೇ.

ನಾವು ತಿನ್ನುವವರೂ ಸ್ವಲ್ಪ ಬದಲಾಗಬೇಕು. ಸ್ಟಾರ್ ಕೊಡುವ ಆ್ಯಪ್‌ನಲ್ಲಿ ರಾತ್ರಿ ಕೂತು ಬೈದು ಬರೆಯುವುದಕ್ಕಿಂತ, ಕೈ ತೊಳೆದು ಹೊರಡುವಾಗ ಗಲ್ಲಾದ ಹತ್ತಿರ ಮೆತ್ತಗೆ ‘ಅಣ್ಣಾ, ಚಟ್ನಿ ಬದಲಾದಂಗಿದೆ, ಏನ್ ಹಾಕ್ತಿದೀರಿ?’ ಎಂದು ಕೇಳಿದರೆ ಸಾಕು. ಅದು ಊಟಕ್ಕೆ ಹೆಸರಿಟ್ಟಂತೆ ಆಗುವುದಿಲ್ಲ. ಮನೆಯಲ್ಲಿ ಅಲರ್ಜಿ ಇರುವವರಿದ್ದರೆ, ಹಳೇ ಹೋಟೆಲೇ ಆದರೂ ಪ್ರತಿ ಸಲ ಕೇಳಿ. ನಿನ್ನೆಯ ಉತ್ತರ ಇವತ್ತಿಗೆ ನಡೆಯದೇ ಇರಬಹುದು. ಆಗಬಾರದ್ದೇನಾದರೂ ಆದರೆ ದಯವಿಟ್ಟು ಸುಮ್ಮನೆ ಎದ್ದು ಹೋಗಬೇಡಿ. ಮರುದಿನ ಹೋಗಿ ಹೇಳಿ. ನೀವು ಹೇಳಿದರೆ, ಅದೇ ಮೇಜಿಗೆ ಮುಂದಿನ ಭಾನುವಾರ ಮಗುವನ್ನು ಕರೆದುಕೊಂಡು ಬಂದು ಕೂರುವ ಇನ್ಯಾರಿಗೋ ಉಪಕಾರವಾಗುತ್ತದೆ.